ಅತ್ತೆಯ ಬ್ಯಾಟಿನ ಹಿಡಿ

ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚುಗಳನ್ನು ಕೂದಲೆಳೆಯಷ್ಟೂ ತಪ್ಪದೆ ಕೊರೆಯುತ್ತಿದ್ದ ಅಳಿಯನಿಗೆ, ಅರವತ್ತೆಂಟರ ಅತ್ತೆಯನ್ನು ಟೇಬಲ್ ಟೆನಿಸ್‌ನಲ್ಲಿ ಸೋಲಿಸುವುದು ಮಾತ್ರ ಕೈಲಾಗಿರಲಿಲ್ಲ. ಮೂರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ, ಬಡಾವಣೆಯ ಕ್ಲಬ್ಬಿನಲ್ಲಿ, ಹೆಂಡತಿಯ ಕಣ್ಣೆದುರೇ ಮಣ್ಣು ಮುಕ್ಕುತ್ತಿದ್ದ.

"ಎಲ್ಲಾ ಆ ಹಿಡೀದೇ ಮಹಿಮೆ ಕಣೇ," ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ. ಅತ್ತೆ ಮರಗೆಲಸದಲ್ಲಿ ಪಳಗಿದವರು. ಹಿಡಿಯನ್ನು ತಮ್ಮ ಅಂಗೈಗೆ ತಕ್ಕಂತೆ ತಾವೇ ಕೆತ್ತಿಕೊಂಡಿದ್ದರು: ಹೆಬ್ಬೆರಳಿಗೊಂದು ತಗ್ಗು, ಕಿರುಬೆರಳಿಗೊಂದು ತಡೆ. ತುದಿಯಲ್ಲಿ ಯಾವುದೋ ಕಾಲದಲ್ಲಿ ನಾಯಿಮರಿ ಕಚ್ಚಿದ ಗುರುತು.

ಅತ್ತೆ ನಾಲ್ಕು ದಿನ ತಂಗಿಯ ಮನೆಗೆ ಹೋದಾಗ ಅಳಿಯನ ತಲೆಗೆ ಹುಳ ಹೊಕ್ಕಿತು. ಬ್ಯಾಟನ್ನು ಚೀಲದಲ್ಲಿ ಅಡಗಿಸಿ ಕಾರ್ಖಾನೆಗೆ ಒಯ್ದ. ಊಟದ ಬಿಡುವಿನಲ್ಲಿ ಅದನ್ನು, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರದ ಮೇಲೆ ಬಿಗಿದು, ಕೊರೆಯುವ ಮೊನೆಯ ಜಾಗಕ್ಕೆ ಅಳತೆ ಹಿಡಿಯುವ ಪ್ರೋಬ್ ಸಿಕ್ಕಿಸಿದ. ಸಾಸಿವೆಯಷ್ಟು ಕೆಂಪು ಗುಂಡು ಹೊತ್ತ ಆ ಕಡ್ಡಿ ಹಿಡಿಯನ್ನು ಮುಟ್ಟುವುದು, ಸರಿಯುವುದು, ತುಸು ಪಕ್ಕಕ್ಕೆ ಹೋಗಿ ಮತ್ತೆ ಮುಟ್ಟುವುದು. ಮುಟ್ಟಿದ ಒಂದೊಂದು ಚುಕ್ಕೆಯೂ ಸೇರಿ ಪರದೆಯ ಮೇಲೆ ಹಿಡಿ ಮೂಡತೊಡಗಿತು.

"ಯಾವ ಗಿರಾಕೀದಯ್ಯಾ ಇದು?" ಮೇಸ್ತ್ರಿ ಇಣುಕಿದರು.

"ನಮ್ಮತ್ತೇದು. ಅವ್ರಿಗೆ ಗೊತ್ತಿಲ್ಲ."

"ಹಾಗಾದ್ರೆ ನಾನೂ ನೋಡಿಲ್ಲಪ್ಪ," ಎಂದು ಮೇಸ್ತ್ರಿ ಜಾಗ ಖಾಲಿ ಮಾಡಿದರು.

ಬರೀ ನಕಲು ಮಾಡಿ ಸುಮ್ಮನಾದರೆ ಅವನೆಂಥ ಅಳಿಯ? ಅತ್ತೆಯ ಹಿಡಿತ ತಪ್ಪಲೆಂದು, ಮರ ಕೊರೆಯುವ ಮುನ್ನ ಸುತ್ತಲೂ ಒಂದೂವರೆ ಮಿಲಿಮೀಟರ್ ದಪ್ಪ ಸೇರಿಸಿದ. ಹೊಸ ಹಿಡಿಯನ್ನು ಅಂಥದೇ ಇನ್ನೊಂದು ಬ್ಯಾಟಿಗೆ ಅಂಟಿಸಿ, ಚಹಾದ ಡಿಕಾಕ್ಷನ್ ಬಳಿದು ಹಳೇ ಬಣ್ಣ ಬರಿಸಿ ಅತ್ತೆಯ ಕಪಾಟಿನಲ್ಲಿಟ್ಟ. ಅಸಲಿ ಹಿಡಿಗೆ ಗುರುತು ಸಿಗದಂತೆ ತೆಳ್ಳಗಿನ ನೀಲಿ ಪಟ್ಟಿ ಸುತ್ತಿ ಆ ಬ್ಯಾಟನ್ನು ತಾನಿಟ್ಟುಕೊಂಡ.

ಭಾನುವಾರ ಬಂತು. ಅತ್ತೆ ಹನ್ನೊಂದು, ಅಳಿಯ ಮೂರು. ಅತ್ತೆಯ ಚಿಕ್ಕ ಕೈಗೆಂದು ಕೆತ್ತಿದ ಹಿಡಿ ಅವನ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿತ್ತು.

"ಆರು ತಿಂಗಳಿಂದ ಹೆಬ್ಬೆರಳ ಗೆಣ್ಣು ನೋಯ್ತಿತ್ತು," ಎಂದರು ಅತ್ತೆ. "ಇವತ್ತು ಬಿಗಿಯಾಗಿ ಹಿಡೀಬೇಕಂತಲೇ ಅನ್ನಿಸ್ಲಿಲ್ಲ. ಹೂವಿನ ಹಾಗಿತ್ತು." ಆಮೇಲೆ ಬ್ಯಾಟನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನಾಯಿ ಕಚ್ಚಿದ ಗುರುತೇನೋ ಇದೆ. ಅದರೊಳಗಿದ್ದ ಕೊಳೆ ಎಲ್ಲಿ ಹೋಯ್ತು, ಅಳಿಯಂದ್ರೇ?"

ಹೆಂಡತಿ ಕಿಸಕ್ಕೆಂದಳು. ಅಳಿಯ ಬೆವರುತ್ತಾ ಎಲ್ಲವನ್ನೂ ಬಾಯಿಬಿಟ್ಟ.

"ಎಷ್ಟು ದಪ್ಪ ಮಾಡ್ದೆ?" ಅತ್ತೆ ಕೇಳಿದರು.

"ಒಂದೂವರೆ ಮಿಲಿಮೀಟರ್..."

"ಎರಡು ಮಾಡ್ಬೇಕಿತ್ತು."

ಶಿಕ್ಷೆಯೂ ಅಲ್ಲೇ ಆಯಿತು. ಬೆರಳು ನೋಯುವ ಐವರು ಗೆಳತಿಯರು ಮುಷ್ಟಿಯಲ್ಲಿ ಒತ್ತಿಕೊಟ್ಟ ಜೇಡಿಮಣ್ಣಿನ ಮುದ್ದೆಗಳು ಮರುದಿನವೇ ಅಳಿಯನ ಚೀಲ ಸೇರಿದವು. ಎರಡು ವಾರ ಅವನ ಊಟದ ಬಿಡುವೆಲ್ಲ ಆ ಕೈಯಚ್ಚುಗಳಿಗೆ ತಕ್ಕ ಹಿಡಿ ಕೊರೆಯುತ್ತ, ಪ್ರೋಬ್‌ನ ಟಿಕ್ ಟಿಕ್‌ನಲ್ಲೇ ಕಳೆಯಿತು. ಈಗ ಕ್ಲಬ್ಬಿನಲ್ಲಿ ಅವನನ್ನು ಸೋಲಿಸುವವರು ಆರು ಜನ.

ಕೊನೆಗೆ ಅತ್ತೆಗೇ ಕನಿಕರ ಬಂತು. ಒಂದು ಮುದ್ದೆ ಮಣ್ಣು ಅವನ ಕೈಗಿಟ್ಟರು. "ಒತ್ತು. ಅಯ್ಯೋ, ಹಾವಿನ ಕತ್ತು ಹಿಡಿದ ಹಾಗಲ್ಲ, ಮೆತ್ತಗೆ!"

ತನ್ನದೇ ಕೈಯಚ್ಚಿನ ಹಿಡಿಯಿಂದ ಆಡಿದ ಮೊದಲ ಭಾನುವಾರ ಅಳಿಯ ಎಂಟು ಪಾಯಿಂಟ್ ಗಳಿಸಿದ. ಅತ್ತೆಯದು ಹತ್ತು, ಗೆಲ್ಲಲು ಇನ್ನೊಂದೇ ಬಾಕಿ. ಹಿಗ್ಗು ತಡೆಯಲಾರದೆ ಹೆಂಡತಿಯತ್ತ ತಿರುಗಿ, "ಎಂಟು ಕಣೇ, ಎಂಟು!" ಎಂದು ಬೆರಳೆತ್ತಿ ತೋರಿಸುತ್ತಿದ್ದ.

"ಸರ್ವ್!" ಎಂದರು ಅತ್ತೆ. ಅಷ್ಟರಲ್ಲಿ ಚೆಂಡು ಅವನನ್ನು ದಾಟಿ ಗೋಡೆಗೆ ಬಡಿದಾಗಿತ್ತು.