ತಾಮ್ರದ ಬೆಟ್ಟದ ಅತಿಥಿಗಳು

ಕೊಲ್ಲಿ ದೇಶದಲ್ಲಿ, ರುಸ್ತಾಕಿನ ಕಂಪನಿಯಲ್ಲಿ ಸಂಕಪ್ಪನ ಜೊತೆಗಿದ್ದ ರೊನಾಲ್ಡ್, ಬೆಟ್ಟದ ಮೇಲಿನ ರೆಸಾರ್ಟಿಗೆ ಮ್ಯಾನೇಜರಾಗಿ ಹೋದ ಮೇಲೆ ಒಂದು ಫೋನು ಕೂಡ ಮಾಡಿರಲಿಲ್ಲ. ೧೯೯೩ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಹಲ್ವದ ಡಬ್ಬಿ ಹಿಡಿದು ಮನೆಗೆ ಬಂದ.

“ಶುಕ್ರವಾರ ನೀವಿಬ್ಬರೂ ಬರಲೇಬೇಕು ಸಂಕಪ್ಪಣ್ಣ. ರೂಮು, ಊಟ ಎಲ್ಲ ನನ್ನದು.” ಚಪ್ಪಲಿ ಹಾಕುತ್ತಾ ಸೇರಿಸಿದ, “ಅಕ್ಕ, ಒಳ್ಳೆ ಸೀರೆ ಉಡಿ ಆಯ್ತಾ. ಕಾರು ಗೇಟಿನ ಎದುರೇ ನಿಲ್ಲಿಸಿ.”

ಅವನು ಹೋದ ಮೇಲೆ ಹರಿಣಾಕ್ಷಿ ಗಂಡನಿಗೆ ಹೇಳಿದಳು, “ಏನೋ ಉಂಟು ಇದರಲ್ಲಿ. ವಾಪಸು ಬರುವಾಗ ಅವ ಏನಾದರೂ ಕಟ್ಟು ಕೊಟ್ಟರೆ ಮುಟ್ಟಬೇಡಿ.”

“ನಿನಗೆ ಎಲ್ಲರ ಮೇಲೂ ಸಂಶಯ,” ಎಂದ ಸಂಕಪ್ಪ.

ಕಲ್ಲುದಾರಿ ಹತ್ತಿ ಹೋದರೆ ಅದೊಂದು ಹಳೆಯ ಊರು. ತಲೆತಲಾಂತರದಿಂದ ಅಲ್ಲಿ ತಾಮ್ರ ತೆಗೆಯುತ್ತಿದ್ದರಂತೆ. ಗಣಿ ಮುಚ್ಚಿದ ಮೇಲೆ ಜನ ಕೆಳಗಿಳಿದು ಹೋಗಿದ್ದರು. ಅವರ ಕಲ್ಲಿನ ಮನೆಗಳೇ ಈಗ ರೂಮುಗಳು. ರೆಸಾರ್ಟಿನ ಯಜಮಾನ ಯುರೋಪಿನಲ್ಲಿ ಇಂಥದೇ ಗಣಿಯೂರು ನೋಡಿದ್ದನಂತೆ. ಅಲ್ಲಿ ಜನ ಹಿಮದ ಮೇಲೆ ಜಾರುತ್ತಾರೆ. ಇಲ್ಲಿ ಹಿಮವೆಲ್ಲಿಯದು? ಅದಿರು ಅರೆದು ಸುರಿದ ನುಣ್ಣನೆಯ ಪುಡಿಯ ಗುಡ್ಡದ ಮೇಲೆ ಜಾರಲು ಮರದ ಹಲಗೆಗಳನ್ನಿಟ್ಟಿದ್ದರು. ಜಾರುವವರು ಯಾರೂ ಕಾಣಲಿಲ್ಲ.

ಊಟದ ಹಾಲ್‌ನಲ್ಲಿ ಮಾತ್ರ ಮೂರು ಟೇಬಲು ತುಂಬಿದ್ದವು. ಒಂದರಲ್ಲಿ ವಿಕ್ಟೋರಿಯಾ ಕೂತಿದ್ದಳು. ತರಕಾರಿ ಮಾರ್ಕೆಟಿನಲ್ಲಿ ಸಿಕ್ಕರೆ ಕೈಹಿಡಿದು ಮಾತಾಡಿಸುವವಳು ಇಂದು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವಳು ಕೈತೊಳೆಯಲು ಎದ್ದಾಗ ಹರಿಣಾಕ್ಷಿಯೂ ಅದೇ ನೆಪದಲ್ಲಿ ಹಿಂದೆಯೇ ಹೋದಳು.

“ಏನು, ಗುರುತೇ ಇಲ್ಲವಾ?”

“ಮೆಲ್ಲ ಮಾತಾಡಿ,” ಎಂದಳು ವಿಕ್ಟೋರಿಯಾ. “ಪರಿಚಯ ತೋರಿಸಬಾರದು ಅಂತ ರೊನಾಲ್ಡ್ ಹೇಳಿದ್ದಾನೆ. ಅವನ ಕಫೀಲ್, ಈ ರೆಸಾರ್ಟಿನ ಯಜಮಾನರು, ಬರುತ್ತಾರೆ ಇವತ್ತು. ಹಾಲ್ ಖಾಲಿ ಇದ್ದರೆ ಖಲಾಸ್, ಅವನ ಕೆಲಸ ಹೋಗುತ್ತದೆ.”

ಹರಿಣಾಕ್ಷಿ ಟೇಬಲಿಗೆ ಮರಳಿ ಗಂಡನಿಗೆ ಇದನ್ನು ಪಿಸುಗುಟ್ಟುವಷ್ಟರಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಕೋಲೂರಿಕೊಂಡು ಒಳಗೆ ಬಂದರು. ಬೇರೆ ಟೇಬಲುಗಳತ್ತ ನೋಡದೆ ನೇರ ಇವರ ಬಳಿಗೇ ಬಂದು ಉರ್ದುವಿನಲ್ಲಿ ಕೇಳಿದರು, “ನಮ್ಮ ಜಾಗದ ಸುದ್ದಿ ನಿಮಗೆ ಹೇಗೆ ಗೊತ್ತಾಯಿತು?”

“ಪೇಪರಿನಲ್ಲಿ ನೋಡಿದೆವು,” ಎಂದ ಸಂಕಪ್ಪ ತಡವರಿಸದೆ. ಗಂಡ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲ ಎಂದು ಹರಿಣಾಕ್ಷಿಗೆ ಅದೇ ದಿನ ತಿಳಿದದ್ದು.

ಮುದುಕರ ಮುಖ ಅರಳಿತು. “ಪ್ರತಿ ಶುಕ್ರವಾರ ಹೀಗೇ ಜನ. ಖರ್ಜೂರದ ತೋಟ ಮಾರಿ ಮೇಲಿನ ಮನೆಗಳನ್ನೂ ರಿಪೇರಿ ಮಾಡಿಸುತ್ತೇನೆ. ನಾನು ಹುಟ್ಟಿದ ಮನೆ ಅಲ್ಲಿದೆ.”

ಹರಿಣಾಕ್ಷಿ ರೊನಾಲ್ಡನ ಕಡೆ ನೋಡಿದಳು. ಅವನು ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದ.

“ತೋಟ ಮಾರಬೇಡಿ,” ಎಂದಳು ತನ್ನ ಅರೆಬರೆ ಹಿಂದಿಯಲ್ಲಿ. ಸಂಕಪ್ಪ ಮೇಜಿನಡಿ ಅವಳ ಕಾಲು ತುಳಿದ. ಅವಳು ನಿಲ್ಲಿಸಲಿಲ್ಲ. “ನಾವು ರೊನಾಲ್ಡನ ಪರಿಚಯದವರು. ಇಲ್ಲಿರುವ ಎಲ್ಲರೂ. ಅವ ಕರೆದ ಅಂತ ಬಂದದ್ದು.”

ಮುದುಕರು ಕೋಲಿನ ಹಿಡಿಯನ್ನು ಒಮ್ಮೆ ಸವರಿದರು. ಆಮೇಲೆ, “ಊಟ ಮುಗಿಸಿ,” ಎಂದು ಹೊರಗೆ ಹೋದರು.

ಕಾರಿನ ಬಳಿ ರೊನಾಲ್ಡ್ ಬಂದು ನಿಂತ. “ನಿಮಗೇನು ಲಾಭ ಆಯ್ತು ಅಕ್ಕ?” ಎಂದನಷ್ಟೆ. ಹರಿಣಾಕ್ಷಿ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.

ರಂಜಾನ್ ಬರುವ ಮೊದಲೇ ರೆಸಾರ್ಟ್ ಮುಚ್ಚಿತು. ರೊನಾಲ್ಡನಿಗೆ ಸೂರ್ ಪಟ್ಟಣದಲ್ಲಿ ಬೇರೆ ಕೆಲಸ ಸಿಕ್ಕಿತಂತೆ. ಅದನ್ನು ಕೊಡಿಸಿದವರು ಆ ಮುದುಕರೇ ಎಂದು ಮಾರ್ಕೆಟಿನಲ್ಲಿ ವಿಕ್ಟೋರಿಯಾ ಹೇಳಿದಳು. ತೋಟ ಮಾರಿರಲಿಲ್ಲ.

ಹರಿಣಾಕ್ಷಿ ಟೊಮೆಟೊ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅಷ್ಟು ಟೇಬಲುಗಳಿದ್ದರೂ ಅವರು ತನ್ನ ಬಳಿಗೇ ಏಕೆ ಬಂದರು? ಮೊದಲೇ ಎಲ್ಲ ಗೊತ್ತಿತ್ತೇ? ತೋಟ ಮಾರುವ ಮಾತು ತನ್ನ ಬಾಯಿ ಬಿಡಿಸಲೆಂದೇ ಆಡಿದ್ದೇ? ಮನೆಗೆ ಹೋಗಿ ಗಂಡನನ್ನು ಕೇಳಿದಳು.

“ಅವರ ಮೇಲೂ ಸಂಶಯ ಶುರುವಾಯಿತಾ?” ಎಂದ ಸಂಕಪ್ಪ.