ರುದ್ರವ್ವನ ಹಸಿ ಗೋಡೆ

ಪರೇಲಿನಲ್ಲಿ ಸಾಲು ಮನೆಗಳ ಒಂದು ಚಾಳಿನಲ್ಲಿ ರುದ್ರವ್ವನ ಖೋಲಿ. ಇರುವುದೊಂದೇ ಕೋಣೆ, ಅದರ ಮೂಲೆಯಲ್ಲೇ ಸ್ನಾನದ ಮೋರಿ. ಮೋರಿಯ ನೀರು ಇಳಿದು ಇಳಿದು, ಹಾಸಿಗೆಯ ಪಕ್ಕದ ಗೋಡೆಯೆಲ್ಲ ಹಸಿಯಾಗಿತ್ತು. ಇಂಥ ಗೋಡೆ ನಿಮ್ಮ ಮನೆಯಲ್ಲೂ ಇದ್ದೀತು, ನೋಡಿಕೊಳ್ಳಿ!

ಗಂಡ ಗದಿಗೆಪ್ಪ ಗಿರಣಿಯ ಕೆಲಸಗಾರ. ಎದೆಬೇನೆ ಹತ್ತಿ ವಿಜಾಪುರದ ಕಡೆಯ ಊರಿಗೆ ಹೋಗಿ ಐದು ತಿಂಗಳಾಗಿತ್ತು. ಈಗ ಗುಣವಾಗಿದ್ದ. ಆದರೆ ಹಸಿ ಖೋಲಿಯಲ್ಲಿ ಮಲಗಿಸಲೇಬಾರದೆಂದು ಡಾಕ್ಟರು ಹೇಳಿದ್ದರು. ಗೋಡೆ ಒಣಗಿದರೆ ಗಂಡ ಬಂದಾನು, ಇಲ್ಲವಾದರೆ ಇಲ್ಲ. ರುದ್ರವ್ವ ತನ್ನೊಬ್ಬಳಿಗೇ ರೊಟ್ಟಿ ಬಡಿದುಕೊಳ್ಳುತ್ತಿದ್ದಳು. ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಊರ ಕಡೆಯವನೇ ಆದ, ಗಾರೆ ಕೆಲಸದ ಪರಪ್ಪ ಮಿಸ್ತ್ರಿಯನ್ನು ಕರೆದಳು. ಅವನು ಬಾಗಿಲಲ್ಲೇ ನಿಂತ.

"ಗಂಡಸರು ಯಾರೂ ಇಲ್ಲೇನು? ಅವರು ಬಂದಮ್ಯಾಲೆ ಮಾತಾಡೋಣು."

ಗಂಡಸು ಬರಬೇಕಾದರೆ ಗೋಡೆ ಆಗಬೇಕು. ಗೋಡೆ ಆಗಬೇಕಾದರೆ ಗಂಡಸು ಬರಬೇಕು! ಇದು ಯಾವ ಊರಿನ ನ್ಯಾಯವೋ. ಬೈಕುಲ್ಲಾದಲ್ಲಿದ್ದ ಮೈದುನ ಕಾಶಪ್ಪನಿಗೆ ಹೇಳಿ ನೋಡಿದಳು.

"ಗ್ವಾಡಿ ಕೆಲಸ ನಿಮಗ ತಿಳಿಯೂದಲ್ಲ, ವೈನಿ. ಪುರಸೊತ್ತಾದಾಗ ನೋಡ್ತೀನಿ. ಅಲ್ಲೀತನಕ ಅಣ್ಣ ಊರಾಗ ಇರಲಿ" ಎಂದ.

ಊರಲ್ಲಿ ಹಬ್ಬದ ಮುಂದೆ ಗೋಡೆಗೆ ಮಣ್ಣು ಮೆತ್ತುವವರು ಹೆಂಗಸರೇ ಅಲ್ಲವೇ? ರುದ್ರವ್ವ ಎಮ್ಮೆ ಕಟ್ಟುವ ತಬೇಲೆಯಿಂದ ಸಗಣಿ ತಂದು, ಮಣ್ಣು ಕಲಸಿ ಮೆತ್ತಿದಳು. ಮೂರನೆಯ ದಿನ ಅದು ಹೆಂಟೆ ಹೆಂಟೆಯಾಗಿ ಉದುರಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಚಾಳಿನವರು ಬಂದು ನೋಡಿ ನಕ್ಕು ಹೋದರು. ರುದ್ರವ್ವ ಬಾಗಿಲು ಹಾಕಿಕೊಂಡು ಅತ್ತಳು.

ರವಿವಾರ ಬೊರಿವಲಿಯಿಂದ ಲೋಕಲ್ ರೈಲು ಹಿಡಿದು ಗೆಳತಿ ಬಸಲಿಂಗವ್ವ ಬಂದಳು. ಕಟ್ಟಡದ ಕೆಲಸದಲ್ಲಿ ಹತ್ತು ವರ್ಷ ಗಾರೆಯ ಬುಟ್ಟಿ ಹೊತ್ತವಳು ಆಕೆ.

"ನೀ ಹೆಂಗಸಂತ ಅದು ಬಿದ್ದಿಲ್ಲ. ಹಸಿ ಗ್ವಾಡಿಗೆ ಮಣ್ಣು ಮೆತ್ತಿದರ, ಗಂಡಸು ಮೆತ್ತಿದರೂ ಬೀಳತೈತಿ."

"ಸಿಮೆಂಟ್ ಕೆಲಸ ನನಗ ಬರತೈತೇನಕ್ಕಾ?"

"ಹಿಟ್ಟು ನಾದಾಕ ಬರತೈತಲ್ಲ? ಕೇಳು. ಮೊದಲ ಮೋರಿ ಬಂದ್ ಮಾಡು. ಹಳೇ ಗಾರಿ ಇಟ್ಟಂಗಿ ಕಾಣೂತನಕ ಕೆತ್ತು, ಒಣಗಾಕ ಬಿಡು. ಆಮ್ಯಾಲೆ ಒಂದು ಪಾಲು ಸಿಮೆಂಟ್, ಮೂರು ಪಾಲು ಜರಡಿ ಹಿಡಿದ ಉಸುಕು, ನೀರು ಹಾಕಿ ಕಲಸು. ಇಟ್ಟಂಗಿಗೆ ನೀರು ಚಿಮುಕಿಸಿ ಆ ಗಾರಿ ಬಡಿ. ಮೋರಿ ಸಂದಿಗೂ ತುಂಬು. ಏಳು ದಿನ ಮುಂಜಾನೆ, ಸಂಜಿಕ ನೀರು ಹೊಡಿ."

ಗಾರೆ ಬಳಿಯುವ ತನ್ನ ಹಳೆಯ ಕರಣೆಯೊಂದನ್ನು ಕೊಟ್ಟು ಹೋದಳು.

ರುದ್ರವ್ವ ಕೆತ್ತಿದಳು, ಕಲಸಿದಳು, ಬಡಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಹೋಗುವವರು ಬರುವವರು ಇಣುಕಿದರು. ಒಳಗೆ ಯಾರೂ ಕಾಲಿಡಲಿಲ್ಲ.

ತಿಂಗಳಾದ ಮೇಲೆ ಕಾಶಪ್ಪ ಬಂದ. ಗೋಡೆಗೆ ಅಂಗೈ ಇಟ್ಟು ನೋಡಿದ. ಬೆಚ್ಚಗೆ ಒಣಗಿತ್ತು.

"ಯಾವ ಮಿಸ್ತ್ರಿ ಮಾಡಿದ, ವೈನಿ?"

"ನಾನs ಮಾಡಿದೆ."

ಕಾಶಪ್ಪ ಬಗ್ಗಿ ಮೋರಿಯ ಸಂದಿಯನ್ನೂ ಬೆರಳಿಂದ ಒತ್ತಿ ನೋಡಿದ.

"ಗ್ವಾಡಿ ಕಷ್ಟ ಆಗಲಿಲ್ಲ, ಕಾಶಪ್ಪಾ. ಇಷ್ಟು ದೊಡ್ಡ ಚಾಳಿನಾಗ ನಾ ಹತ್ತಿದ ಸ್ಟೂಲ್ ಹಿಡಿಯಾಕ ಒಬ್ಬರೂ ಬರಲಿಲ್ಲಲ್ಲ, ಅದು ಕಷ್ಟ ಆತು. ಅದಕ್ಕs ಆ ಮ್ಯಾಲಿನ ಮೂಲಿ ಗಾರಿ ಇಲ್ದ ಹಂಗs ಉಳದೈತಿ" ಎನ್ನುವಾಗ ಅವಳ ಕಣ್ಣು ತುಂಬಿದವು.

ಕಾಶಪ್ಪ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದ.

"ಸ್ಟೂಲ್ ಹತ್ತರಿ ವೈನಿ, ನಾ ಹಿಡೀತೀನಿ. ಅಣ್ಣಗ ಬಾ ಅಂತ ಇವತ್ತs ಕಾಗದ ಹಾಕ್ತೀನಿ."

ಅಕ್ಕತಂಗಿಯರೇ, ಗೋಡೆ ಹಸಿಯಾದರೆ ಗಂಡಸರ ದಾರಿ ಕಾಯುತ್ತ ಕೂರಬೇಡಿ. ಬಲ್ಲವರನ್ನು ಕೇಳಿ ನೀವೇ ಕರಣೆ ಹಿಡಿಯಿರಿ. ಅಣ್ಣತಮ್ಮಂದಿರೇ, ನಿಮ್ಮ ಪಕ್ಕದ ಖೋಲಿಯಲ್ಲಿ ಒಬ್ಬ ಹೆಂಗಸು ಸ್ಟೂಲ್ ಹತ್ತಿದ್ದಾಳೆಯೇ? ನಗಬೇಡಿ. ಎದ್ದು ಹೋಗಿ ಹಿಡಿಯಿರಿ.