ಕ್ಯಾಸಿಮಿರನ ದನಿ

“ನಿನ್ನ ಕಡೆ ಎತ್ತೇ, ಇಲೋನಾ! ಭಾರ ಎಲ್ಲಾ ನನ್ನ ಮೇಲೇ ಬಿಟ್ಟಿದ್ದೀಯ!”

“ಡ್ರಮ್ ಬಾರಿಸೋನು ನೀನು ಕಣೋ ಗೋರ್ಡಿ. ತೋಳಿರೋದು ನಿನಗೆ. ಹಾಡೋಳಿಗೆ ಗಂಟಲು ಮಾತ್ರ.”

“ಅದಾದರೂ ಈಗ ಎಲ್ಲಿದೆ?”

ಉರ್ಬಾನ್ ಶವಸಂಸ್ಕಾರ ಮಂದಿರದ ಮೆಟ್ಟಿಲ ಮೇಲೆ ಇಬ್ಬರೂ ಒಂದು ರೆಕಾರ್ಡ್ ಪ್ಲೇಯರನ್ನು ಮಧ್ಯೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಅದರ ತೂಕದ ವಿಷಯದಲ್ಲಿ ನಾನು ಸ್ವಲ್ಪವೂ ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅದನ್ನಿಟ್ಟಿದ್ದ ಮನೆ ಒಂದು ಪಕ್ಕಕ್ಕೆ ವಾಲಿ, ಆ ಪಕ್ಕದ ನೆರೆಯವರು ಹೆದರಿ ಊರನ್ನೇ ಬಿಟ್ಟಿದ್ದರು. ನಮ್ಮ ಊರು ಟೊಲೀಡೊದ ಮಾರ್ಚ್ ತಿಂಗಳ ಚಳಿಯೂ ಅಂಥದೇ. ಚರ್ಚಿನ ಗೋಪುರದ ಪಾರಿವಾಳಗಳು ಹಾರುವ ಆಸೆ ಬಿಟ್ಟು ಲಗ್ರಾಂಜ್ ಬೀದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವು.

ಪ್ಲೇಯರು ಸತ್ತವನದು. ಸತ್ತವನು ಕ್ಯಾಸಿಮಿರ್ ಡೂಡೆಕ್. ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವುದು ಅವನ ಕೆಲಸ. ಮದುವೆಯಾಗಿರಲಿಲ್ಲ. ಐವತ್ತು ದಾಟಿದ್ದ. ಮೊನ್ನೆ ತನ್ನ ನೆಲಮಾಳಿಗೆಯಲ್ಲಿ ಕುರ್ಚಿಯ ಮೇಲೆ ಕೂತವನು ಕೂತಂತೆಯೇ ಹೋಗಿಬಿಟ್ಟ. ಮಾರನೆಯ ದಿನ ಅವನ ತಂಗಿ ಬರ್ನಡೀನ್ ಬಾಗಿಲು ತೆಗೆದು ನೋಡುವವರೆಗೆ ಯಾರಿಗೂ ಗೊತ್ತಾಗಲಿಲ್ಲ.

“ಪ್ಲೇಯರ್ ತಂದುಕೊಡಿ ಅಂದ್ಲು ಬರ್ನಡೀನ್. ಯಾವ ಹಾಡು ಹಾಕ್ತಾಳಂತೆ?” ಗೋರ್ಡಿ ಕೇಳಿದ.

“ಗೊತ್ತಿಲ್ಲ. ‘ಅವನ ಹಾಡು’ ಅಂದ್ಲು ಅಷ್ಟೆ. ಕ್ಯಾಸಿಮಿರ್‌ಗೆ ಯಾವ ಹಾಡು? ಅವನು ಹುಟ್ಟುಹಬ್ಬದ ಹಾಡಿಗೂ ಬಾಯಿ ಅಲ್ಲಾಡಿಸ್ತಿದ್ದ, ದನಿ ಬರ್ತಿರಲಿಲ್ಲ.” ಇಲೋನಾ ಬಾಗಿಲನ್ನು ಬೆನ್ನಿಂದ ತಳ್ಳಿದಳು. “ಗೋರ್ಡಿ, ಇವತ್ತು ಬರ್ನಡೀನ್ ಹತ್ರ ನನ್ನ ಟೇಪ್ ವಾಪಸ್ ಕೊಡು ಅಂತ ಕೇಳ್ತೀನಿ.”

“ಹೆಣದ ಮುಂದೆಯಾ?”

“ಅವಳು ನಾಳೆ ಮನೆ ಖಾಲಿ ಮಾಡಿಸ್ತಾಳೆ. ಚಿಕಾಗೊದ ರೆಕಾರ್ಡ್ ಕಂಪನಿಯವರು ಮತ್ತೆ ಫೋನ್ ಮಾಡಿದ್ರು. ಮೂಲ ಟೇಪ್ ಇದ್ರೆ ನನ್ನ ಹಾಡನ್ನ ಸರಿಯಾದ ವೇಗದಲ್ಲಿ ಮತ್ತೆ ಅಚ್ಚು ಹಾಕ್ತಾರಂತೆ. ಒಂದೇ ಒಂದು ಸಲ ಕಣೋ, ಜನ ನನ್ನ ದನೀನ ನನ್ನ ದನಿಯಾಗಿ ಕೇಳಲಿ. ಇಪ್ಪತ್ತೆಂಟಾಯ್ತು ನನಗೆ. ಹಗಲೆಲ್ಲಾ ದಂತವೈದ್ಯನ ಬಾಗಿಲಲ್ಲಿ ಕೂತು ‘ಬಾಯಿ ತೊಳಕೊಂಡು ಬನ್ನಿ’ ಅಂತೀನಿ. ಇದೇ ಕೊನೇದು.”

*

ಲೋಕದ ಅತಿ ದೊಡ್ಡ ರೆಕಾರ್ಡ್ ಕಂಪನಿ ಯಾವುದು ಎಂದು ನ್ಯೂಯಾರ್ಕಿನವರನ್ನು ಕೇಳಿದರೆ ಏನೇನೋ ಹೇಳುತ್ತಾರೆ. ನಂಬಬೇಡಿ. ಅದು ನಮ್ಮ ಬೀದಿಯ ‘ಎಡಗೈ ಗವಸು ರೆಕಾರ್ಡ್ಸ್’. ಮುಖ್ಯ ಕಚೇರಿ ಕ್ಯಾಸಿಮಿರನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಮೇಲೆ. ಯಂತ್ರ ತಿರುಗುವಾಗ ಕಚೇರಿ ನಡುಗುತ್ತಿತ್ತು. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಒಂಟಿ ಗವಸು ಅವನಿಗೆ ಸಿಕ್ಕಿತ್ತು. ಅದರ ಚಿತ್ರವನ್ನೇ ರಬ್ಬರಿನಲ್ಲಿ ಕೆತ್ತಿ ಮೊಹರು ಮಾಡಿಕೊಂಡಿದ್ದ.

ಆಗ ಎಂಬತ್ತೊಂದು, ಎಂಬತ್ತೆರಡರ ಕಾಲ. ಕಾರ್ಖಾನೆಗಳು ಮುಚ್ಚುತ್ತಿದ್ದವು, ಕೆಲಸವಿಲ್ಲದ ಹುಡುಗರೆಲ್ಲ ಗಿಟಾರ್ ಹಿಡಿದಿದ್ದರು. ಒಬ್ಬ ವ್ಯಾಕ್ಯೂಮ್ ಕ್ಲೀನರನ್ನೇ ವಾದ್ಯವೆಂದು ವೇದಿಕೆಗೆ ತಂದ. ಹಾಡು ಮುಗಿಯುವಷ್ಟರಲ್ಲಿ ನೆಲವೂ ಸ್ವಚ್ಛವಾಗಿತ್ತು. ಅಂಥವರ ಹಾಡುಗಳನ್ನು ದೊಡ್ಡ ಕಂಪನಿಯವರು ಬಾಗಿಲ ಹೊರಗೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಕ್ಯಾಸಿಮಿರ್ ನಿಲ್ಲಿಸಿಕೊಂಡ. ಬಾರಿನ ಮೂಲೆಯಲ್ಲಿ ಕಾರ್ಖಾನೆಯ ಕೋಟಿನಲ್ಲೇ ನಿಂತು ಕೇಳುತ್ತಿದ್ದ. ಕೊನೆಗೆ ಹತ್ತಿರ ಬಂದು, “ಅಚ್ಚು ಹಾಕೋಣವಾ?” ಎನ್ನುತ್ತಿದ್ದ. ಅವನ ಆ ವಾರದ ಭಾಷಣ ಅಲ್ಲಿಗೆ ಮುಗಿಯಿತು.

ಅಚ್ಚಿನ ಕಾರ್ಖಾನೆಯಿಂದ ಬರೀ ರೆಕಾರ್ಡ್ ತಟ್ಟೆಗಳು ಬರುತ್ತಿದ್ದವು. ಹೊದಿಕೆ ನಮ್ಮದೇ. ಭಾನುವಾರ ಪೂಜೆ ಮುಗಿದ ಮೇಲೆ ವಾದ್ಯದವರೆಲ್ಲ ಅವನ ನೆಲಮಾಳಿಗೆಗೆ ಇಳಿದು, ರಟ್ಟು ಮಡಿಸಿ, ಅಂಟು ಹಚ್ಚಿ, ಮೊಹರು ಒತ್ತುವುದು. ಕ್ಯಾಸಿಮಿರ್ ಒಂದು ಹಂಡೆ ಕೋಸಿನ ಸಾರು ಮಾಡಿಟ್ಟಿರುತ್ತಿದ್ದ. ಹೊದಿಕೆಯ ಮೇಲೆ ಹಾಡಿದವರ ಮುಖವಿಲ್ಲ, ಹೆಸರಿಲ್ಲ, ಬರೀ ಗವಸು. ಅದೇ ಆಗಿನ ಶೋಕಿ. ಹೆಸರು ಹಾಕಿಕೊಳ್ಳುವವನು ಸೋಪು ಮಾರುವವನು ಎಂದು ನಾವೆಲ್ಲ ನಂಬಿದ್ದೆವು. ಇಲೋನಾ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದಳು.

ಸಂಜೆಗೆ ಎಲ್ಲರೂ ಎದ್ದು ಹೋಗುತ್ತಿದ್ದರು. “ಇನ್ನೂ ಸಾರಿದೆ,” ಎನ್ನುತ್ತಿದ್ದ ಕ್ಯಾಸಿಮಿರ್. ಯಾರಿಗೂ ಹಸಿವಿರುತ್ತಿರಲಿಲ್ಲ.

*

ಜನಸಾಗರ ನೆರೆದಿತ್ತು ಎಂದು ಬರೆಯಬೇಕೆಂದು ನನಗೆ ಎಷ್ಟೋ ಆಸೆ. ನೆರೆದದ್ದು ಕುರ್ಚಿಗಳ ಸಾಗರ. ಮಂದಿರದ ಒಡೆಯ ಉರ್ಬಾನ್ ಊರಿಗೆಲ್ಲ ಸಾಲುವಷ್ಟು ಮಡಿಸುವ ಕುರ್ಚಿಗಳನ್ನು ಹಾಕಿಸಿದ್ದ. ಮುಂದಿನ ಸಾಲಿನಲ್ಲಿ ಕ್ಯಾಸಿಮಿರನ ಸೋದರತ್ತೆ, ಕಪ್ಪು ಟೋಪಿಯ ಸ್ಟೆಲ್ಲಾ ಮತ್ತು ಅವಳ ಗೆಳತಿಯರು, ಹಿಂದೆ ಬಾಟಲಿ ಕಾರ್ಖಾನೆಯ ಒಬ್ಬ ಮೇಸ್ತ್ರಿ. ಅಲಾಸ್ಕದ ತುದಿಯಿಂದ ಟೆಕ್ಸಸ್‌ನ ಮರಳುಗಾಡಿನವರೆಗೆ ಗವಸಿನ ರೆಕಾರ್ಡು ತರಿಸಿಕೊಂಡವರಿದ್ದರು. ಪ್ರತಿ ಊರಿಗೂ ಒಬ್ಬ. ಪ್ರತಿಯೊಬ್ಬನೂ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೇಳುವವನು. ಅವರಿಗೆ ಯಾರು ಹೇಳಬೇಕು?

“ಅಲ್ಲಿಡಿ, ಅವನ ತಲೆ ಹತ್ರ,” ಎಂದಳು ಬರ್ನಡೀನ್. ಗಟ್ಟಿ ಹೆಂಗಸು, ಶಾಲೆಯ ಅಡುಗೆಮನೆ ಆಳುವವಳು. “ಅತ್ತೆ ಕೇಳ್ಬೇಕಂತೆ. ಮುಚ್ಚಳ ಹಾಕೋವಾಗ ಇನ್ನೊಂದ್ಸಲ ಹಾಕೋಣ.”

ಪೆಟ್ಟಿಗೆಯೊಳಗೆ ಕ್ಯಾಸಿಮಿರ್ ಟೈ ಕಟ್ಟಿಕೊಂಡು, ಯಾರದೋ ಕೋಣೆಗೆ ತಪ್ಪಿ ಬಂದವನಂತೆ ಸಂಕೋಚದಿಂದ ಮಲಗಿದ್ದ.

ಬರ್ನಡೀನ್ ಚೀಲದಿಂದ ದೊಡ್ಡ ತಟ್ಟೆಯೊಂದನ್ನು ತೆಗೆದಳು. ಹೊದಿಕೆಯ ಮೇಲೆ ಗವಸಿನ ಮೊಹರಿತ್ತು. ಮುಳ್ಳು ಕೂತಿತು. ಗಿಟಾರು ಕೆಸರಿನಲ್ಲಿ ಕಾಲೆಳೆಯುವಂತೆ ಶುರುವಾಯಿತು. ಅದರ ಮೇಲೆ ತಗ್ಗಿದ, ಒರಟಾದ ಗಂಡು ದನಿಯೊಂದು, ಬಾವಿಯ ತಳದಿಂದ ಒಂದೊಂದೇ ಕೊಡ ಎಳೆದಂತೆ, ಹಾಡತೊಡಗಿತು.

ಗೋರ್ಡಿಯ ಕೈ ತಾನಾಗಿಯೇ ವೇಗದ ಕೀಲಿನತ್ತ ಹೋಯಿತು. ನಿಮಿಷಕ್ಕೆ ಮೂವತ್ತಮೂರು ಸುತ್ತಿನಿಂದ ನಲವತ್ತೈದಕ್ಕೆ ಒಂದು ತಳ್ಳು, ಅಷ್ಟೆ. ಬರ್ನಡೀನ್ ಆ ಕೈಗೆ ಛಟೀರೆಂದು ಹೊಡೆದಳು.

“ಮುಟ್ಬೇಡ! ಅವನು ಹಾಡ್ತಿದ್ದಾನೆ.”

“ಯಾರು?”

“ಯಾರು ಅಂದ್ರೆ? ನಮ್ಮ ಕ್ಯಾಸಿಮಿರ್!” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗದರುತ್ತಿತ್ತು. “ನಾನು ಬಾಗಿಲು ತೆಗೆದ ದಿನ ಈ ತಟ್ಟೆ ಪ್ಲೇಯರ್ ಮೇಲೇ ಇತ್ತು. ಗುಂಡಿ ಒತ್ತಿದೆ, ಇವನು ಹಾಡಿದ. ಜೀವಮಾನದಲ್ಲಿ ನನ್ನ ಹತ್ರ ಇಷ್ಟು ಮಾತಾಡಿಲ್ಲ. ಕ್ರಿಸ್‌ಮಸ್ ಊಟಕ್ಕೆ ಬಂದು ಉಪ್ಪು ಕೊಡು ಅಂತಲೂ ಬಾಯಿ ಬಿಡ್ತಿರಲಿಲ್ಲ, ಕೈ ತೋರಿಸ್ತಿದ್ದ. ಆ ಗದ್ದಲದ ಹುಡುಗರಿಗೋಸ್ಕರ ಬದುಕು ಹಾಳುಮಾಡಿಕೊಂಡ ಅಂತ ಬೈತಿದ್ದೆ. ಇವನೂ ಹಾಡ್ತಿದ್ದ ಅಂತ ಒಬ್ಬರಾದರೂ ನನಗೆ ಹೇಳಿದ್ರಾ?”

“ಅವರಪ್ಪನದೇ ದನಿ,” ಎಂದು ಅತ್ತೆ ಸ್ಟೆಲ್ಲಾ ಶಿಲುಬೆಯ ಗುರುತು ಹಾಕಿಕೊಂಡಳು. “ಆದ್ರೆ ಒಂದು ಮಾತೂ ಅರ್ಥ ಆಗಲ್ಲ. ಅದೂ ಅವರಪ್ಪನದೇ.”

*

ಆ ದನಿ ಇಲೋನಾಳದು.

ನಾಲ್ಕು ವರ್ಷದ ಕೆಳಗೆ ಅವಳೂ ಗೋರ್ಡಿಯೂ ಚರ್ಚಿನ ಹಿಂದಿನ ಕೋಣೆಯಲ್ಲಿ ಅದನ್ನು ಮುದ್ರಿಸಿ, ಟೇಪನ್ನು ನೇರ ಅಚ್ಚಿನ ಕಾರ್ಖಾನೆಗೆ ಕಳಿಸಿದ್ದರು. ದೊಡ್ಡ ತಟ್ಟೆ ಸಾಮಾನ್ಯವಾಗಿ ಮೂವತ್ತಮೂರರಲ್ಲಿ ತಿರುಗುತ್ತದೆ. ಇದು ಗಟ್ಟಿಯಾಗಿ ಕೇಳಲಿ ಎಂದು ನಲವತ್ತೈದಕ್ಕೆ ಕೊರೆಸಿದ್ದರು. ಅದನ್ನು ಕ್ಯಾಸಿಮಿರನಿಗೆ ಗೋರ್ಡಿ ಹೇಳಿರುತ್ತಾನೆಂದು ಇಲೋನಾ, ಇಲೋನಾ ಹೇಳಿರುತ್ತಾಳೆಂದು ಗೋರ್ಡಿ. ಪರೀಕ್ಷೆಯ ತಟ್ಟೆ ಏನೂ ಬರೆಯದ ಬಿಳಿ ಚೀಟಿಯೊಂದಿಗೆ ಬಂತು. ಕ್ಯಾಸಿಮಿರ್ ಒಬ್ಬನೇ ಕೂತು ಮೂವತ್ತಮೂರರಲ್ಲಿ ಕೇಳಿದ. ಆ ನಿಧಾನಕ್ಕೆ ಹೆಣ್ಣು ದನಿ ತಗ್ಗಿ ಗಂಡಸಿನದಾಗಿತ್ತು. ವ್ಯಾಕ್ಯೂಮ್ ಕ್ಲೀನರನ್ನೇ ಅಚ್ಚು ಹಾಕಿಸಿದವನಿಗೆ ಯಾವುದು ತಾನೆ ವಿಚಿತ್ರ? ‘ಚೆನ್ನಾಗಿದೆ’ ಎಂದು ಕಾರ್ಖಾನೆಗೆ ಹೇಳಿ, ಚೀಟಿಯ ಮೇಲೆ ಮೂವತ್ತಮೂರು ಎಂದೇ ಅಚ್ಚು ಹಾಕಿಸಿದ.

ಕಾಲೇಜು ರೇಡಿಯೊದಲ್ಲಿ ಮೊದಲ ಬಾರಿ ಅದು ಬಂದಾಗ ಇಲೋನಾ ಅಮ್ಮನ ಅಡುಗೆಮನೆಯಲ್ಲಿ, ಕರೆದು ಕೂರಿಸಿದ್ದ ನೆಂಟರ ಮಧ್ಯೆ ಇದ್ದಳು. “ಎಲ್ಲೇ ನೀನು? ಯಾವನೋ ಮುದುಕ ನರಳ್ತಿದ್ದಾನೆ,” ಎಂದರು ನೆಂಟರು.

ಅವಳು ನೆಲಮಾಳಿಗೆಗೆ ಇಳಿದ ರಭಸಕ್ಕೆ ನಮ್ಮ ಬೀದಿಯ ಕಿಟಕಿಗಳೆಲ್ಲ ಅದುರಿದವು.

“ನನ್ನ ದನೀನ ಗಂಡಸಿನದು ಮಾಡಿ ಮಾರಿದ್ದೀಯಲ್ಲ! ನನ್ನ ದನಿ ಅಂತ ಗೊತ್ತಾಗಲಿಲ್ವಾ ನಿನಗೆ? ಬಾಟಲಿ ಬಿರುಕು ಕಾಣುತ್ತೆ, ಇದು ಕಾಣಲ್ವಾ?”

ಕ್ಯಾಸಿಮಿರ್ ಅಂಟಿನ ಬ್ರಷ್ಷನ್ನು ಒರೆಸಿ ಒರೆಸಿ ಕೊನೆಗೆ ಹೇಳಿದ: “ಒಬ್ಬನೇ ಕೇಳ್ತಿದ್ದೆ. ಯಾರೋ ಪಕ್ಕದಲ್ಲಿ ಕೂತು ನಿಧಾನವಾಗಿ ಮಾತಾಡಿದ ಹಾಗಿತ್ತು. ತಪ್ಪಿರಬಹುದು ಅಂತ ಅನ್ನಿಸಲೇ ಇಲ್ಲ.”

“ಟೇಪೂ ಬೇಡ, ನೀನೂ ಬೇಡ,” ಎಂದು ಅವಳು ಮೆಟ್ಟಿಲು ಹತ್ತಿದಳು.

“ಬೇಕಾದಾಗ ಬಾ. ಇಲ್ಲೇ ಇರುತ್ತೆ,” ಎಂದ ಕ್ಯಾಸಿಮಿರ್. ಅವಳು ಹೋಗಲಿಲ್ಲ. ಆಮೇಲೆ ಭಾನುವಾರಗಳಂದು ಬೇರೆಯವರೂ ಒಬ್ಬೊಬ್ಬರಾಗಿ ಹೋಗುವುದನ್ನು ಬಿಟ್ಟರು.

*

“ಹೇಳಿಬಿಡು,” ಎಂದ ಗೋರ್ಡಿ, ಕೋಟು ನೇತುಹಾಕುವ ಓಣಿಯಲ್ಲಿ. “ವೇಗದ ಕೀಲು ತಳ್ಳಿದರೆ ಮುಗೀತು. ನಿನ್ನ ದನಿ ಅಂತ ಅವಳಿಗೇ ಗೊತ್ತಾಗುತ್ತೆ.”

“ಗೊತ್ತಾದ ಮೇಲೆ?”

“ಮೇಲೇನು? ಅಳ್ತಾಳೆ. ಹೇಗೂ ಅಳೋ ದಿನವೇ ಇದು. ಟೇಪ್ ಕೊಡ್ತಾಳೆ. ಚಿಕಾಗೊ ಕಣೇ!”

ಅಷ್ಟರಲ್ಲಿ ಬರ್ನಡೀನ್ ಓಣಿಗೆ ಬಂದಳು. ಅವಳ ಕೈಯಲ್ಲಿ ಚಪ್ಪಟೆಯಾದ ರಟ್ಟಿನ ಡಬ್ಬಿಯಿತ್ತು. ಅದರ ಸುತ್ತ ತಾನೇ ಬಿಗಿದಿದ್ದ ಕಪ್ಪು ಪಟ್ಟಿಯನ್ನು ಇಲೋನಾ ನೋಡಿದ ಕೂಡಲೇ ಗುರುತಿಸಿದಳು.

“ಇದು ಆ ಹಾಡಿನ ಟೇಪಂತೆ, ಕಾರ್ಖಾನೆಯವರು ವಾಪಸ್ಸು ಕಳಿಸಿದ್ದು. ಶೆಲ್ಫಿನ ಮೇಲೆಲ್ಲಾ ಧೂಳು, ಇದೊಂದರ ಮೇಲೆ ಇರಲಿಲ್ಲ. ಇದನ್ನ ಅವನ ಜೊತೇಲೇ ಇಟ್ಟುಬಿಡ್ತೀನಿ. ನನಗೆ ತಟ್ಟೆ ಇದೆಯಲ್ಲ, ಸಾಕು.” ಅಡುಗೆಮನೆಯನ್ನು ಆಳುವ ದನಿ ಸಣ್ಣದಾಯಿತು. “ನೀವು ಅಲ್ಲಿ ಹೋಗಿ ಬಂದು ಇದ್ದೋರು. ಅವನೇ ಅಲ್ವಾ, ಹಾಡಿದ್ದು? ಅತ್ತೆಯ ಗೆಳತಿ ಒಬ್ಬಳು ಆಗಲೇ ಗೊಣಗಿದಳು, ಅವನೆಲ್ಲಿ ಹಾಡ್ತಿದ್ದ ಅಂತ.”

ಗೋರ್ಡಿ ಇಲೋನಾಳ ಕಡೆ ನೋಡಿದ. ಇಲೋನಾ ಡಬ್ಬಿಯ ಕಡೆ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

“ಅವನೇ,” ಎಂದಳು. “ನಾವು ಬರೀ ವಾದ್ಯ ಬಾರಿಸಿದ್ದು.”

“ನಾಚಿಕೆ ಅವನಿಗೆ,” ಎಂದ ಗೋರ್ಡಿ. ನಮ್ಮ ಊರಿನಲ್ಲಿ ಸುಳ್ಳು ಹೇಳುವುದಕ್ಕೆ ಯಾರೂ ಕಲಿಸಬೇಕಾಗಿಲ್ಲ. “ನಮ್ಮನ್ನೆಲ್ಲಾ ಗೋಡೆ ಕಡೆ ತಿರುಗಿಸಿ ನಿಲ್ಲಿಸಿ ಆಮೇಲೆ ಹಾಡಿದ.”

ಬರ್ನಡೀನ್ ಅಳುತ್ತಲೇ ನಕ್ಕಳು. “ಹಾಗೇ ಮಾಡೋನು! ಹಾಗೇ!”

ಡಬ್ಬಿ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ, ಮೊಣಕೈಗೆ ತಾಗುತ್ತಿತ್ತು. ಉರ್ಬಾನ್ ಮುಂದೆ ಬರುವಷ್ಟರಲ್ಲಿ ಇಲೋನಾ ತಾನೇ ಬಗ್ಗಿ, ಕಪ್ಪು ಪಟ್ಟಿಯನ್ನು ಉಗುರಿನಿಂದ ಕಿತ್ತು, ಟೇಪಿನ ಸುರುಳಿಯನ್ನು ಮಾತ್ರ ತೆಗೆದು ಅವನ ಕೋಟಿನ ಅಡಿ ಸೇರಿಸಿದಳು. ಅಂಗಿ ಎಷ್ಟು ತಣ್ಣಗಿತ್ತೆಂದು ಹೇಳಲು ನನ್ನ ಹತ್ತಿರ ಯಾವ ಉತ್ಪ್ರೇಕ್ಷೆಯೂ ಇಲ್ಲ. ಖಾಲಿ ಡಬ್ಬಿಯನ್ನು ಮುಚ್ಚಿ ಬರ್ನಡೀನಳ ಕೈಗೆ ಕೊಟ್ಟಳು.

“ಮಾತು ಅರ್ಥ ಆಗಲ್ಲ ಅಂತಿದ್ದಾರೆ ಅತ್ತೆ,” ಎಂದಳು ಬರ್ನಡೀನ್. “ನಿನಗೆ ಬರುತ್ತಲ್ವಾ? ಅವನ ಹಿಂದೆ ಹಿಂದೆ ಹಾಡು. ಆದ್ರೆ ಮೆತ್ತಗೆ. ಅವನ ದನಿಗೆ ಅಡ್ಡ ಬರಬೇಡ.”

ಮುಳ್ಳು ಮತ್ತೆ ಕೂತಿತು. ಇಲೋನಾ ತನ್ನ ದನಿಯ ತಳವನ್ನು ಕೆದಕಿ, ಹಾಡಿನ ಹಿಂದೆ ಒಂದೊಂದೇ ಹೆಜ್ಜೆ ಇಟ್ಟಳು: ಹೊರಬಾಗಿಲ ದೀಪ ಆರಿಸಬೇಡ, ಬರುವವರು ಯಾರೂ ಇಲ್ಲ, ಆದರೂ ಆರಿಸಬೇಡ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅದನ್ನು ಅರಚುತ್ತ ಬರೆದಿದ್ದಳು, ಒಂದು ತಮಾಷೆಯಂತೆ. ಈಗ ಒಂದೊಂದು ಮಾತಿಗೂ ಕಾಯಬೇಕಾಗಿತ್ತು. ಅತ್ತೆ ಸ್ಟೆಲ್ಲಾ ತಲೆದೂಗಿದಳು. ಹಿಂದಿನ ಸಾಲಿನ ಮೇಸ್ತ್ರಿ ಟೋಪಿ ತೆಗೆದ. ಉರ್ಬಾನ್ ಮುಚ್ಚಳವನ್ನು ಇಳಿಸುತ್ತ ಅರ್ಧದಲ್ಲಿ ಹಿಡಿದು ನಿಂತ.

ಕೊನೆಯ ಚರಣಕ್ಕೆ ಮುಂಚೆ ವಾದ್ಯಗಳು ನಿಂತವು. ಅಲ್ಲಿ, ಚರ್ಚಿನ ಹಿಂದಿನ ಕೋಣೆಯಲ್ಲಿ, ಅವಳು ಮೈಕಿಗೆ ತೀರಾ ಹತ್ತಿರ ನಿಂತು ಗಬಕ್ಕನೆ ಉಸಿರು ಎಳೆದುಕೊಂಡಿದ್ದಳು. ಈ ವೇಗದಲ್ಲಿ ಅದು ದೀರ್ಘವಾಗಿ, ನಿದ್ದೆಯಲ್ಲಿರುವ ಗಂಡಸಿನ ಎದೆ ಏರಿದಂತೆ ಏರಿತು.

“ಕೇಳಿ,” ಎಂದು ಬರ್ನಡೀನ್ ಬೆರಳೆತ್ತಿದಳು. “ಉಸಿರು ತಗೋತಿದ್ದಾನೆ.”

ಇಲೋನಾ ಎರಡು ತುಟಿಗಳನ್ನೂ ಬಿಗಿಹಿಡಿದು, ಅವನ ಉಸಿರು ಪೂರ್ತಿ ಮುಗಿಯುವವರೆಗೆ ತನ್ನದನ್ನು ತಡೆದು ನಿಂತಳು.